ಉಳಿಸಿದವನೂ ಅವನೇ, ಬದಲಿಸಿದವನೂ ಅವನೇ

ಇಯೊವಾನಿಸ್ ಕುಕುಝೇಲಿಸ್ ಎಂಬ ಬೈಜಾಂಟಿಯನ್ ಸಂಗೀತಗಾರನನ್ನು ಬಲ್ಲವರೂ ಅವನನ್ನು ನೆನೆಯುವುದು ಹೆಚ್ಚಾಗಿ ಐತಿಹ್ಯಗಳ ಮೂಲಕವೇ. ಕಾನ್‌ಸ್ಟಾಂಟಿನೋಪಲ್‌ನ ಅರಮನೆಯ ಗಾಯಕ ವೈಭವ ತೊರೆದು ಅಥೋಸ್ ಬೆಟ್ಟದ ಮಹಾ ಲಾವ್ರಾ ಮಠ ಸೇರಿದನಂತೆ. ಗುರುತು ಮರೆಸಿಕೊಂಡು ಆಡು ಕಾಯುತ್ತಿದ್ದನಂತೆ. ಅವನು ಹಾಡಿದರೆ ಆಡುಗಳು ಮೇವು ಮರೆತು ನಿಲ್ಲುತ್ತಿದ್ದವಂತೆ. ಮೇರಿಮಾತೆ ಕನಸಿನಲ್ಲಿ ಬಂದು ಚಿನ್ನದ ನಾಣ್ಯ ಕೊಟ್ಟಳಂತೆ. ಸಂತಚರಿತ್ರೆಗೆ ಇದೆಲ್ಲ ಒಪ್ಪುತ್ತದೆ. ಆದರೆ ಹಸ್ತಪ್ರತಿಗಳಲ್ಲಿ ಕಾಣುವ ಕುಕುಝೇಲಿಸ್ ಈ ಸಂತನಿಗಿಂತ ಕುತೂಹಲಕಾರಿ. ಪರಂಪರೆಯನ್ನು ಕಾಪಾಡುವುದೆಂದರೆ ಅದನ್ನು ಮುಟ್ಟದೆ ಬಿಡುವುದು ಎಂದು ವಾದಿಸುವವರು ಅವನ ಕೆಲಸವನ್ನು ಒಮ್ಮೆ ನೋಡಬೇಕು.

ಅವನ ಕಾಲ ಸುಖದ್ದಲ್ಲ. 1204ರಲ್ಲಿ ಲ್ಯಾಟಿನ್ ಸೇನೆಗಳ ವಶವಾದ ರಾಜಧಾನಿ 1261ರಲ್ಲಿ ಮರಳಿ ಗ್ರೀಕರ ಕೈಸೇರಿತ್ತು, ಆದರೆ ಸಾಮ್ರಾಜ್ಯ ಕುಗ್ಗುತ್ತಲೇ ಹೋಯಿತು. ಹಾಗಿಯಾ ಸೋಫಿಯಾದ ಹಳೆಯ ಪೂಜಾಕ್ರಮ ಹಿಂದೆ ಸರಿದು ಮಠಗಳ ಕ್ರಮ ಮುಂದೆ ಬಂದಿತ್ತು. ಇಂಥ ಹೊತ್ತಿನಲ್ಲಿ ಕುಕುಝೇಲಿಸ್ ಮಾಡಿದ ಮೊದಲ ಕೆಲಸಗಳಲ್ಲೊಂದು ಸಂಪಾದಕನದು. ಹಳೆಯ ಸ್ತುತಿಗೀತೆಗಳ ಸಂಗ್ರಹವೊಂದನ್ನು ಅವನು ಪರಿಷ್ಕರಿಸಿದ. 1309ರಲ್ಲಿ ಐರೀನ್ ಎಂಬ ಲಿಪಿಕಾರ್ತಿ ಬರೆದು ಮುಗಿಸಿದ, ಇಂದು ಸಿನಾಯ್ ಮಠದಲ್ಲಿರುವ ಪ್ರತಿ ಅವನ ಪಾಠವನ್ನೇ ಅನುಸರಿಸಿದೆ. 1336ರ ಅಥೆನ್ಸ್ ಹಸ್ತಪ್ರತಿಯಲ್ಲಿ ಸಂಧ್ಯಾಪ್ರಾರ್ಥನೆ, ಪ್ರಾತಃಪ್ರಾರ್ಥನೆಗಳ ಹಾಡುಗಳು ಅವನ ಹೆಸರಿನಡಿ ಹೊಸ ಕ್ರಮದಲ್ಲಿ ಜೋಡಣೆಗೊಂಡಿವೆ. ‘ಮೆಗಾ ಈಸನ್’ ಎಂಬ ಪಾಠಗೀತೆಯಂತೂ ಶುದ್ಧ ಮೇಷ್ಟ್ರ ಬುದ್ಧಿಯ ಫಲ: ಸ್ವರಲಿಪಿಯ ಚಿಹ್ನೆಗಳ ಹೆಸರುಗಳೇ ಅಲ್ಲಿ ಸಾಹಿತ್ಯ, ಪ್ರತಿ ಹೆಸರನ್ನೂ ಆ ಚಿಹ್ನೆ ಸೂಚಿಸುವ ರೀತಿಯಲ್ಲೇ ಹಾಡಬೇಕು. ಎಂಟೂ ಧಾಟಿಗಳಲ್ಲಿ ಸುತ್ತಾಡಿಸಿ ಬರುವ ಆ ಹಾಡು ಕಲಿತವನಿಗೆ ಲಿಪಿ ಬಾಯಿಪಾಠವಾಗುತ್ತಿತ್ತು.

ಹಳೆಯದನ್ನು ಇಷ್ಟು ಶ್ರದ್ಧೆಯಿಂದ ತಿದ್ದಿ, ಕಲಿಸಿದವನೇ ಅದನ್ನು ಗುರುತು ಸಿಗದಷ್ಟು ಬೆಳೆಸಿದವನೂ ಹೌದು. ಕಲೋಫೋನಿಕ್ ಎಂಬ ಅಲಂಕೃತ ಶೈಲಿಯ ಬಹುದೊಡ್ಡ ಕೃತಿಕಾರರಲ್ಲಿ ಅವನೊಬ್ಬ. ಇಲ್ಲಿ ಸಾಲುಗಳು ಹಿಂದುಮುಂದಾಗುತ್ತವೆ, ಪದಗಳು ಮರಳಿ ಮರಳಿ ಬರುತ್ತವೆ, ನಡುವೆ ‘ತೆ ರಿ ರೆಮ್’ ಎಂಬಂಥ ಅರ್ಥವಿಲ್ಲದ ಅಕ್ಷರಗಳ ಉದ್ದನೆಯ ಸಂಚಾರ ಶುರುವಾಗುತ್ತದೆ. ತಿಲ್ಲಾನ ಕೇಳಿದ ಕಿವಿಗೆ ಇದು ತೀರಾ ಅಪರಿಚಿತ ಅನ್ನಿಸದು. ದೇವರ ಮಾತು ಗಾಯಕನ ಕಂಠಚಾತುರ್ಯದಡಿ ಹೂತುಹೋಯಿತು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ, ಅದು ಹುರುಳಿಲ್ಲದ್ದೂ ಅಲ್ಲ. ಬರೀ ಸಾಹಿತ್ಯಕ್ಕಾಗಿ ಕೇಳುವವನಿಗೆ ಈ ಹಾಡುಗಳು ದಣಿವು ತರುತ್ತವೆ. ಆದರೆ ಇವು ಸೇರಿದ್ದು ಹಬ್ಬದ ರಾತ್ರಿಯಿಡೀ ನಡೆಯುವ ಜಾಗರಣೆಗೆ. ನಿತ್ಯದ ಸರಳ ಗಾಯನ ಅದರ ಪಾಡಿಗೆ ಉಳಿದೇ ಇತ್ತು. ಅದಕ್ಕಿಂತ ಗಟ್ಟಿ ಉತ್ತರ ಮಾನುಎಲ್ ಕ್ರಿಸಾಫಿಸ್‌ನದು. ರಾಜಧಾನಿ ಒಟ್ಟೊಮನ್ನರ ವಶವಾದ ಐದು ವರ್ಷಗಳ ಮೇಲೆ, 1458ರಲ್ಲಿ ಬರೆದ ಗ್ರಂಥದಲ್ಲಿ ಅವನು, ಸಾಲುಗಳನ್ನು ಅದಲುಬದಲು ಮಾಡಿದ ಕಡೆಯೂ ಕುಕುಝೇಲಿಸ್ ಹಳೆಯ ಧಾಟಿಯ ಹೆಜ್ಜೆ ಬಿಟ್ಟಿಲ್ಲ ಎನ್ನುತ್ತಾನೆ. ಸ್ವತಃ ಕೃತಿಕಾರನೂ ಗಾಯಕನೂ ಆಗಿದ್ದವನ ಮಾತಿದು, ಭಕ್ತನ ಹೊಗಳಿಕೆಯಲ್ಲ.

ಇದೆಲ್ಲವನ್ನೂ ಒಬ್ಬನ ತಲೆಗೆ ಕಟ್ಟುವುದು ಸರಿಯೇ ಎಂದು ಕೇಳಬಹುದು. ಪೂರ್ತಿ ಸರಿಯಲ್ಲ. ಅದೇ ಹಸ್ತಪ್ರತಿಗಳಲ್ಲಿ ಇಯೊವಾನಿಸ್ ಗ್ಲಿಕಿಸ್, ಕ್ಸೆನೋಸ್ ಕೊರೊನಿಸ್ ಮೊದಲಾದವರ ಹೆಸರುಗಳಿವೆ. ಪಾಠಗೀತೆಗೂ ಗ್ಲಿಕಿಸ್‌ನ ರಚನೆಯೊಂದು ಹಿನ್ನೆಲೆಯಲ್ಲಿದೆ. ಆದರೆ ಇದರಿಂದ ವಾದ ಸಡಿಲವಾಗುವುದಿಲ್ಲ, ಬಲಗೊಳ್ಳುತ್ತದೆ: ಹಿಂದಿನವರದನ್ನು ಕೈಗೆತ್ತಿಕೊಂಡು ಬೆಳೆಸುವುದು ಆ ಇಡೀ ಪೀಳಿಗೆಯ ರೂಢಿಯಾಗಿತ್ತು, ಯಾವ ಹಾಡು ಯಾರದೆಂದು ಲಿಪಿಕಾರರು ಸಂಕೋಚವಿಲ್ಲದೆ ದಾಖಲಿಸುತ್ತಿದ್ದರು. (ಇಂದಿನ ಅಲ್ಬೇನಿಯಾದ ದುರ್ರೆಸ್‌ನಲ್ಲಿ ಹುಟ್ಟಿದನೆನ್ನಲಾದ ಅವನನ್ನು ಗ್ರೀಕರು, ಬಲ್ಗೇರಿಯನ್ನರು, ಅಲ್ಬೇನಿಯನ್ನರು ಎಲ್ಲರೂ ತಮ್ಮವನೆನ್ನುತ್ತಾರೆ. ಆ ಜಗಳ ಅವನ ಸಂಗೀತದ ಬಗ್ಗೆ ಏನನ್ನೂ ಹೇಳುವುದಿಲ್ಲ.)

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. 1814ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಕ್ರಿಸಾಂಥೋಸ್, ಗ್ರಿಗೋರಿಯೋಸ್, ಹುರ್ಮೂಝಿಯೋಸ್ ಎಂಬ ಮೂವರು ಸ್ವರಲಿಪಿಯನ್ನೇ ಸರಳಗೊಳಿಸಿದರು. ಹುರ್ಮೂಝಿಯೋಸ್ ಹಳೆಯ ಕೃತಿಗಳನ್ನು ರಾಶಿರಾಶಿಯಾಗಿ ಹೊಸ ಲಿಪಿಗೆ ಇಳಿಸಿದ. ಅವನ ಪ್ರಕಾರ ಒಂದು ಪುಟ್ಟ ಚಿಹ್ನೆ ಎಷ್ಟೋ ಸ್ವರಗಳ ಸಾಲಿನ ಸಂಕ್ಷೇಪ. ಅಷ್ಟು ವಿಸ್ತಾರ ನಂತರದ ಶತಮಾನಗಳ ಸೇರ್ಪಡೆ, ಮೂಲ ಚಿಕ್ಕದಾಗಿಯೇ ಇತ್ತು ಎಂಬುದು ಪಾಶ್ಚಾತ್ಯ ವಿದ್ವಾಂಸರಲ್ಲಿ ಅನೇಕರ ನಿಲುವು. ಎರಡೂ ಕಡೆಯವರು ‘ನಿಜವಾದ’ ಕುಕುಝೇಲಿಸ್‌ನನ್ನು ಹುಡುಕುತ್ತಿದ್ದಾರೆ. ನನಗೆ ವಿದ್ವಾಂಸರ ವಾದ ಇತಿಹಾಸದ ದೃಷ್ಟಿಯಿಂದ ಹೆಚ್ಚು ಸಂಭವನೀಯ ಅನ್ನಿಸುತ್ತದೆ. ಆದರೆ ಅದನ್ನು ಒಪ್ಪಿದ ಮಾತ್ರಕ್ಕೆ ಹುರ್ಮೂಝಿಯೋಸ್‌ನ ಪಾಠವನ್ನು ತಪ್ಪೆಂದು ತಳ್ಳಿಹಾಕಬೇಕಿಲ್ಲ. ಕುಕುಝೇಲಿಸ್ ತನ್ನ ಹಿಂದಿನವರ ಹಾಡುಗಳಿಗೆ ಮಾಡಿದ್ದನ್ನೇ ಅವನು ಕುಕುಝೇಲಿಸ್‌ಗೆ ಮಾಡಿದ.