ದುಬೈಯ ಫ್ಲ್ಯಾಟ್: ಯಾರೂ ಕೇಳದ ಪ್ರಶ್ನೆ

ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ವಿವಾಹ ಮಾತುಕತೆ ನಡೆಯುವಾಗ ವರನ ಅರ್ಹತೆಗಳ ಪಟ್ಟಿಗೆ ಹೊಸದೊಂದು ಸಾಲು ಸೇರ್ಪಡೆಗೊಂಡಿದೆ. ‘ಹುಡುಗನಿಗೆ ದುಬೈಯಲ್ಲಿ ಸ್ವಂತ ಫ್ಲ್ಯಾಟ್ ಇದೆ’ ಎಂಬುದೇ ಆ ಸಾಲು. ಹಿರಿಯರು ‘ಮಾಷಾ ಅಲ್ಲಾಹ್’ ಎನ್ನುತ್ತಾರೆ. ಮಾತುಕತೆ ಮುಂದುವರಿಯುತ್ತದೆ. ಆ ಫ್ಲ್ಯಾಟಿನ ಹಣ ಎಲ್ಲಿಂದ ಬಂತು ಎಂದು ಅಲ್ಲಿರುವ ಯಾರೂ ಕೇಳುವುದಿಲ್ಲ. ಕೇಳಿದರೆ ಅದು ಅಸಭ್ಯತೆ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ನಿಜವಾಗಿ, ಸಂಪತ್ತಿನ ಕುರಿತು ಅಂತ್ಯದಿನದಂದು ಮನುಷ್ಯನಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ, ಎಲ್ಲಿಂದ ಗಳಿಸಿದೆ ಮತ್ತು ಯಾವುದಕ್ಕೆ ವ್ಯಯಿಸಿದೆ ಎಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಆ ಪ್ರಶ್ನೆಯನ್ನು ಇಂದು ದುಬೈಯ ಬ್ಯಾಂಕ್ ಕೇಳುತ್ತದೆ. ಭಾರತದ ಆದಾಯ ತೆರಿಗೆ ಇಲಾಖೆ ಕೇಳುತ್ತದೆ. ಅಲ್ಲಾಹನು ಕೇಳಲಿದ್ದಾನೆ. ಕೇಳದೇ ಇರುವುದು ನಮ್ಮ ಜಮಾಅತ್ ಮಾತ್ರ.

ಅಂದಹಾಗೆ, ಮನೆ ಖರೀದಿಸುವುದು ತಪ್ಪು ಎಂಬುದು ಈ ಲೇಖನದ ವಾದವಲ್ಲ. 2002ರಲ್ಲಿ ದುಬೈ ಆಡಳಿತವು ವಿದೇಶಿಯರಿಗೂ ಮನೆ ಮಾರುವ ನಿರ್ಧಾರವನ್ನು ಪ್ರಕಟಿಸಿತು. 2006ರ 7ನೇ ಕಾನೂನು ಅದಕ್ಕೆ ಸ್ಪಷ್ಟ ಚೌಕಟ್ಟನ್ನೂ ಕೊಟ್ಟಿತು. ನಿಗದಿತ ಪ್ರದೇಶಗಳಲ್ಲಿ ವಿದೇಶಿಯರು ಪೂರ್ಣ ಒಡೆತನ ಪಡೆಯಬಹುದು ಎಂದಾಯಿತು. ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದ, ಮಕ್ಕಳನ್ನು ಅಲ್ಲೇ ಓದಿಸುತ್ತಿರುವ ಕುಟುಂಬವೊಂದು ಆ ಬಾಡಿಗೆಯ ಬದಲು ಸ್ವಂತದ್ದೊಂದು ಸೂರು ಬಯಸುವುದರಲ್ಲಿ ಯಾವ ದೋಷವೂ ಇಲ್ಲ. ದೋಷವಿರುವುದು ನಾವು ಆ ಸೂರಿಗೆ ಹಣ ಹೊಂದಿಸುವ ಬಗೆಯಲ್ಲಿ.

ನಿಯಮವೇನು ಎಂಬುದನ್ನು ಮೊದಲು ನೋಡೋಣ. 2013ರಲ್ಲಿ ಯು.ಎ.ಇ.ಯ ಕೇಂದ್ರೀಯ ಬ್ಯಾಂಕ್ ಗೃಹಸಾಲಕ್ಕೆ ಕಡಿವಾಣ ಹಾಕಿತು. ವಿದೇಶಿ ನಿವಾಸಿಯೋರ್ವ ಖರೀದಿಸುವ 50 ಲಕ್ಷ ದಿರ್ಹಮ್‌ವರೆಗಿನ ಮೊದಲ ಮನೆಗೆ ಬೆಲೆಯ ಶೇ. 75ಕ್ಕಿಂತ ಹೆಚ್ಚು ಸಾಲ ನೀಡಬಾರದು ಎಂದಿತು. 2020ರಲ್ಲಿ, ಮೊದಲ ಬಾರಿಗೆ ಮನೆ ಖರೀದಿಸುವವರಿಗೆ ಈ ಮಿತಿಯನ್ನು ಶೇ. 80ಕ್ಕೆ ಏರಿಸಲಾಯಿತು. ನಿರ್ಮಾಣ ಮುಗಿಯದ ಕಟ್ಟಡವಾದರೆ ಸಾಲ ಶೇ. 50ನ್ನು ಮೀರುವಂತಿಲ್ಲ. ಸಾಲದ ಅವಧಿ 25 ವರ್ಷ ದಾಟುವಂತಿಲ್ಲ. ವ್ಯಕ್ತಿಯ ಎಲ್ಲ ಸಾಲಗಳ ಮಾಸಿಕ ಕಂತು ಅವನ ಆದಾಯದ ಅರ್ಧವನ್ನು ಮೀರುವಂತಿಲ್ಲ. ಹತ್ತು ಲಕ್ಷ ದಿರ್ಹಮ್‌ನ ಸಿದ್ಧ ಫ್ಲ್ಯಾಟಿಗೆ ಕನಿಷ್ಠ ಎರಡು ಲಕ್ಷವನ್ನು ಸ್ವಂತ ಕೈಯಿಂದ ಹಾಕಬೇಕು. ಶೇ. 4ರ ನೋಂದಣಿ ಶುಲ್ಕ 40 ಸಾವಿರ, ದಲ್ಲಾಳಿಯ ಶೇ. 2ರ ಪಾಲು 20 ಸಾವಿರ ಬೇರೆ. ಈ ಶುಲ್ಕಗಳನ್ನೂ ಸಾಲಕ್ಕೆ ಸೇರಿಸುವ ಪರಿಪಾಠಕ್ಕೆ 2025ರ ಫೆಬ್ರವರಿಯಿಂದ ತಡೆ ಬಿದ್ದಿದೆ.

ಈ ನಿಯಮಗಳ ತಾತ್ಪರ್ಯ ಸರಳ. ಉಳಿತಾಯವಿಲ್ಲದವನು ಖರೀದಿಗೆ ಇಳಿಯಬಾರದು. ಮದ್ರಸದಲ್ಲಿ ನಾವು ಕಲಿತ ಪಾಠವೂ ಇದಕ್ಕಿಂತ ಭಿನ್ನವಲ್ಲ. ಆದರೆ ನಾವು ಮಾಡುತ್ತಿರುವುದೇನು? ಸ್ವಂತ ಕೈಯಿಂದ ಹಾಕಬೇಕಾದ ಆ ಎರಡು ಲಕ್ಷಕ್ಕೂ ಸಾಲ. ಒಂದಷ್ಟು ಬ್ಯಾಂಕಿನ ವೈಯಕ್ತಿಕ ಸಾಲ, ಒಂದಷ್ಟು ಕ್ರೆಡಿಟ್ ಕಾರ್ಡು, ಒಂದಷ್ಟು ಊರಿನಲ್ಲಿ ಪತ್ನಿಯ ಚಿನ್ನ ಅಡವಿಟ್ಟ ಹಣ. ಬ್ಯಾಂಕಿನ ಬಾಗಿಲು ಮುಚ್ಚಿದರೆ ಬಿಲ್ಡರನ ಬಾಗಿಲು ತೆರೆದೇ ಇದೆ. ‘ತಿಂಗಳಿಗೆ ಶೇ. 1 ಕಟ್ಟಿ, ಬಡ್ಡಿ ಇಲ್ಲ’ ಎಂಬ ಜಾಹೀರಾತು ನಮ್ಮ ಯುವಕರ ನಿದ್ದೆ ಕೆಡಿಸುತ್ತದೆ. ಹತ್ತು ಲಕ್ಷದ ಶೇ. 1 ಎಂದರೆ ತಿಂಗಳಿಗೆ ಹತ್ತು ಸಾವಿರ ದಿರ್ಹಮ್. ಎಂಟು ಸಾವಿರ ಸಂಬಳದವನು ಅದನ್ನು ಎಲ್ಲಿಂದ ಕಟ್ಟುತ್ತಾನೆ? ‘ಪೂರ್ತಿಯಾಗುವ ಮೊದಲೇ ಲಾಭಕ್ಕೆ ಮಾರಿಬಿಡುತ್ತೇನೆ’ ಎಂಬುದು ಅವನ ಉತ್ತರ. ಇದು ವ್ಯಾಪಾರವಲ್ಲ, ಪಂದ್ಯ. ಕೈಯಲ್ಲಿಲ್ಲದ ಹಣದಿಂದ, ಇನ್ನೂ ಎದ್ದು ನಿಲ್ಲದ ಗೋಡೆಯ ಮೇಲೆ ಕಟ್ಟುವ ಪಂದ್ಯ.

ಕಂತು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ, ಕಾನೂನು ಹೇಳುತ್ತದೆ. ಖರೀದಿದಾರ ಕಂತು ಕಟ್ಟದಿದ್ದರೆ ಭೂ ಇಲಾಖೆಯ ಮೂಲಕ 30 ದಿನಗಳ ನೋಟೀಸು ಹೋಗುತ್ತದೆ. ಆ ಬಳಿಕ ಕರಾರು ರದ್ದುಪಡಿಸಿ, ಕಟ್ಟಡದ ಕೆಲಸ ಶೇ. 60 ದಾಟಿದ್ದರೆ ಫ್ಲ್ಯಾಟಿನ ಕರಾರು ಬೆಲೆಯ ಶೇ. 40ರವರೆಗೂ ಬಿಲ್ಡರ್ ಇಟ್ಟುಕೊಳ್ಳಬಹುದು. ಗಮನಿಸಿ, ಕಟ್ಟಿದ ಹಣದ ಶೇ. 40 ಅಲ್ಲ, ಬೆಲೆಯ ಶೇ. 40. ಹತ್ತು ಲಕ್ಷದ ಫ್ಲ್ಯಾಟಿಗೆ ಮೂರು ಲಕ್ಷ ಕಟ್ಟಿ ಕೈಚೆಲ್ಲಿದವನಿಗೆ ಮರಳಿ ಬರುವುದು ಏನೂ ಇಲ್ಲದಿರಬಹುದು. ಹಾಗಂತ, ಇದನ್ನು ಬಿಲ್ಡರನ ವಂಚನೆ ಎನ್ನುವಂತಿಲ್ಲ. ಅವನು ಸಹಿ ಹಾಕಿದ ಕಾಗದ ಅದು.

ಇನ್ನು, 2008ನ್ನು ನಾವು ಇಷ್ಟು ಬೇಗ ಮರೆತೆವೇ? ಆ ವರ್ಷದ ಜಾಗತಿಕ ಕುಸಿತದಲ್ಲಿ ದುಬೈಯ ಮನೆಗಳ ಬೆಲೆ ಪಾತಾಳ ಕಂಡಿತು. ಅರ್ಧಕ್ಕೆ ನಿಂತ ಕಟ್ಟಡಗಳು ವರ್ಷಗಟ್ಟಲೆ ಹಾಗೆಯೇ ಉಳಿದವು. ‘ಇಸ್ಲಾಮಿಕ್’ ಹೆಸರಿನಡಿ ಗೃಹಸಾಲ ನೀಡುತ್ತಿದ್ದ ಅಮ್ಲಾಕ್ ಮತ್ತು ತಮ್ವೀಲ್ ಸಂಸ್ಥೆಗಳು ಆ ನವೆಂಬರ್‌ನಲ್ಲಿ ಹೊಸ ಸಾಲ ನೀಡಿಕೆಯನ್ನೇ ನಿಲ್ಲಿಸಿದವು. ಉದ್ಯೋಗ ಹೋದರೆ ಉದ್ಯೋಗದ ವೀಸಾವೂ ಹೋಗುತ್ತದೆ. ಸಾಲ ಮಾತ್ರ ಹೋಗುವುದಿಲ್ಲ.

ಈಗ ಊರಿನ ಕಡೆಗೆ ಬರೋಣ. ಅನಿವಾಸಿ ಭಾರತೀಯನು ವಿದೇಶದಲ್ಲಿ ದುಡಿದ ಹಣದಿಂದ ವಿದೇಶದಲ್ಲಿ ಮನೆ ಕೊಳ್ಳಲು ಭಾರತದ ಕಾನೂನಿನ ಅಡ್ಡಿಯಿಲ್ಲ. ಅವನು ಊರಿಗೆ ಮರಳಿದ ಬಳಿಕವೂ ಆ ಮನೆಯನ್ನು ಇಟ್ಟುಕೊಳ್ಳಲು 1999ರ ವಿದೇಶಿ ವಿನಿಮಯ ಕಾಯ್ದೆಯ 6(4)ನೇ ಸೆಕ್ಷನ್ ಅವಕಾಶ ನೀಡುತ್ತದೆ. ಊರಿನಲ್ಲಿರುವ ತಂದೆ ಮಗನ ಫ್ಲ್ಯಾಟಿಗೆ ಹಣ ಕಳುಹಿಸಬೇಕಾದರೂ ದಾರಿಯಿದೆ. ಒಂದು ಹಣಕಾಸು ವರ್ಷದಲ್ಲಿ ವ್ಯಕ್ತಿಯೊಬ್ಬ ಎರಡೂವರೆ ಲಕ್ಷ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳುಹಿಸಬಹುದು. 2025ರ ಏಪ್ರಿಲ್‌ನಿಂದ, ಇಂಥ ಉದ್ದೇಶಕ್ಕೆ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಶೇ. 20ರಷ್ಟು ತೆರಿಗೆಯನ್ನು ಮುಂಗಡವಾಗಿ ಸಂಗ್ರಹಿಸುತ್ತದೆ. ಅದು ಕಳೆದುಹೋಗುವ ಹಣವಲ್ಲ. ಆದಾಯ ತೆರಿಗೆ ವಿವರ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಿದ್ದರೆ ಮರಳಿ ಪಡೆಯಬಹುದು.

ಆದರೆ ನಾವು ಈ ರಾಜಮಾರ್ಗ ಬಿಟ್ಟು ಓಣಿ ಹಿಡಿಯುತ್ತೇವೆ. ಅಡಿಕೆ ತೋಟ ಮಾರಿದ ನಗದು ಊರಿನ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೈ ಬದಲಾಗುತ್ತದೆ. ಸಂಜೆಯೊಳಗೆ ದೇರಾದಲ್ಲಿ ಮಗನ ಕೈಗೆ ದಿರ್ಹಮ್ ಸೇರುತ್ತದೆ. ಇದಕ್ಕೆ ನಾವು ಕೊಟ್ಟಿರುವ ಹೆಸರು ‘ವಿಶ್ವಾಸ’. ಕಾನೂನು ಕೊಟ್ಟಿರುವ ಹೆಸರು ಹವಾಲಾ. ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ. 2015ರಲ್ಲಿ ಸೇರಿಸಲಾದ 37ಎ ಸೆಕ್ಷನ್ ಪ್ರಕಾರ, ನಿಯಮ ಮೀರಿ ವಿದೇಶದಲ್ಲಿ ಆಸ್ತಿ ಮಾಡಿದವನ ಅಷ್ಟೇ ಮೌಲ್ಯದ ಆಸ್ತಿಯನ್ನು ಭಾರತದಲ್ಲಿ ವಶಪಡಿಸಿಕೊಳ್ಳಬಹುದು. ಅಂದರೆ ದುಬೈಯ ಫ್ಲ್ಯಾಟಿಗಾಗಿ ಊರಿನಲ್ಲಿ ತಾಯಿ ವಾಸವಿರುವ ಮನೆಗೆ ಬೀಗ ಬೀಳಬಹುದು. ಮುಸ್ಲಿಮರ ವ್ಯವಹಾರವನ್ನು ಭೂತಗನ್ನಡಿಯಲ್ಲಿ ನೋಡುವ ಮಾಧ್ಯಮಗಳು ಇರುವ ಈ ಕಾಲದಲ್ಲಿ, ಒಬ್ಬನ ಓಣಿ ವ್ಯವಹಾರಕ್ಕೆ ಇಡೀ ಸಮುದಾಯ ಉತ್ತರ ಕೊಡಬೇಕಾಗುತ್ತದೆ. ಪೂರ್ವಗ್ರಹಪೀಡಿತರನ್ನು ಟೀಕಿಸುವ ಹಕ್ಕು ನಮಗಿದೆ. ಆದರೆ ಅವರಿಗೆ ಆಯುಧ ಒದಗಿಸುವ ಹಕ್ಕು ನಮಗಿಲ್ಲ.

ಹಣದ ಮೂಲ ಕೇಳುವುದು ಅವಮಾನವೆಂದು ಭಾವಿಸುವವರು ಥಾಯ್ಲೆಂಡಿನತ್ತ ನೋಡಲಿ. ಅಲ್ಲಿ ಕಟ್ಟಡವೊಂದರ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದ ಶೇ. 49ನ್ನು ಮಾತ್ರ ವಿದೇಶಿಯರು ಹೊಂದಬಹುದು. ಶಾಶ್ವತ ನಿವಾಸದ ಪರವಾನಗಿ ಇಲ್ಲದ ಸಾಮಾನ್ಯ ವಿದೇಶಿಯನು ಖರೀದಿಯ ಹಣವನ್ನು ವಿದೇಶಿ ಕರೆನ್ಸಿಯಲ್ಲಿ ದೇಶದೊಳಗೆ ತಂದಿರುವುದಕ್ಕೆ ಬ್ಯಾಂಕಿನ ದಾಖಲೆ ತೋರಿಸಬೇಕು. ಅದಿಲ್ಲದೇ ಭೂ ಕಚೇರಿ ನೋಂದಣಿ ಮಾಡಿಕೊಡುವುದಿಲ್ಲ. ಇದರಲ್ಲಿ ಯಾವ ಧರ್ಮದ ಮೇಲಿನ ದ್ವೇಷವೂ ಇಲ್ಲ.

ಬಡ್ಡಿಯ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವೊಂದಿದೆ: ‘ಝರೂರತ್ ಇದ್ದರೆ ಅನುಮತಿ ಇದೆಯಂತೆ.’ 1999ರಲ್ಲಿ ಯುರೋಪಿನ ಫತ್ವಾ ಮತ್ತು ಸಂಶೋಧನಾ ಮಂಡಳಿಯು ನೀಡಿದ ತೀರ್ಪಿನ ಕೂಗು ಇದರಲ್ಲಿ ಕೇಳಿಸುತ್ತದೆ. ಆದರೆ ಆ ತೀರ್ಪು ಇದ್ದದ್ದು ಪಾಶ್ಚಾತ್ಯ ದೇಶಗಳಲ್ಲಿ, ಬೇರೆ ದಾರಿಯೇ ಇಲ್ಲದ ಮುಸ್ಲಿಮ್ ಕುಟುಂಬವು ತಾನು ವಾಸಿಸುವ ಮನೆಗಾಗಿ ಪಡೆಯುವ ಸಾಲಕ್ಕೆ. ಅಂದೇ ಅದನ್ನು ಒಪ್ಪದ ವಿದ್ವಾಂಸರಿದ್ದರು. ಬಾಡಿಗೆಗೆ ಕೊಡಲೆಂದು, ಬೆಲೆ ಏರಿದಾಗ ಮಾರಲೆಂದು ಕೊಳ್ಳುವ ಫ್ಲ್ಯಾಟು ಯಾವ ಝರೂರತ್? ಶರೀಅತ್ ನೀಡಿದ ರಿಯಾಯಿತಿಯನ್ನು ಲಾಭದ ಹೂಡಿಕೆಗೆ ಪರವಾನಗಿಯಾಗಿ ಬಳಸುವುದು ಶರೀಅತಿಗೆ ಮಾಡುವ ದ್ರೋಹ. ‘ಇಸ್ಲಾಮಿಕ್’ ಎಂಬ ಫಲಕ ಕಂಡೊಡನೆ ಕಣ್ಣು ಮುಚ್ಚುವುದೂ ತರವಲ್ಲ. ಮನೆ ನಿಜವಾಗಿಯೂ ಬ್ಯಾಂಕಿನ ಒಡೆತನಕ್ಕೆ ಬರುತ್ತದೆಯೇ, ಕಟ್ಟಡ ನಾಶವಾದರೆ ನಷ್ಟ ಯಾರದು, ಕಂತು ತಡವಾದರೆ ವಸೂಲಾಗುವ ಹಣ ಎಲ್ಲಿಗೆ ಹೋಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಧೈರ್ಯವಾದರೂ ನಮಗಿರಬೇಕು.

ಕೊನೆಯದಾಗಿ, ಹೆಸರಿನ ವಿಷಯ. ತಂದೆಯ ತೋಟ, ತಮ್ಮನ ಉಳಿತಾಯ, ಪತ್ನಿಯ ಮಹ್ರ್‌ನ ಚಿನ್ನ ಸೇರಿ ಕೊಂಡ ಫ್ಲ್ಯಾಟು ಅಣ್ಣನೊಬ್ಬನ ಹೆಸರಿನಲ್ಲಿರುತ್ತದೆ. ಒಂದು ತುಂಡು ಕಾಗದವೂ ಇರುವುದಿಲ್ಲ. ಕಾಗದ ಕೇಳಿದ ಸೊಸೆ ‘ಮನೆ ಒಡೆಯುವವಳು’ ಎನಿಸಿಕೊಳ್ಳುತ್ತಾಳೆ. ನಾಳೆ ಆ ಅಣ್ಣ ಮರಣ ಹೊಂದಿದರೆ, ತಮ್ಮನ ಪಾಲಿಗೆ ಸಾಕ್ಷಿ ಯಾರು? ಚಿನ್ನ ಕೊಟ್ಟವಳಿಗೆ ಅದು ಸಾಲವೋ ಪಾಲೋ ದಾನವೋ ಎಂದು ಹೇಳುವವರು ಯಾರು? ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ನಮಾಝಿನ ಕುರಿತೂ ಅಲ್ಲ, ಹಜ್ಜ್‌ನ ಕುರಿತೂ ಅಲ್ಲ. ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತು. ಸಾಲ ಬಾಕಿಯಿರಿಸಿ ಮೃತಪಟ್ಟವನ ಜನಾಝ ನಮಾಝಿಗೆ ಪ್ರವಾದಿಯವರು(ಸ) ಮುಂದಾಗದೇ, ಇನ್ನೊಬ್ಬರು ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದ ಘಟನೆಯನ್ನು ನಮ್ಮ ಖತೀಬರು ಎಷ್ಟು ಜುಮಾಗಳಲ್ಲಿ ಹೇಳಿದ್ದಾರೆ?

ಪ್ರತಿ ಜಮಾಅತ್ ಈ ವಿಷಯವನ್ನು ಮಿಂಬರಿಗೆ ತರಲಿ. ಗಲ್ಫ್‌ನಲ್ಲಿರುವ ನಮ್ಮ ಊರ ಸಂಘಟನೆಗಳು ವಾರ್ಷಿಕ ಔತಣಕೂಟಕ್ಕೆ ವ್ಯಯಿಸುವ ಹಣದಲ್ಲಿ ಒಂದಂಶವನ್ನು, ಕರಾರಿಗೆ ಸಹಿ ಹಾಕುವ ಮುನ್ನ ಓದಿ ತಿಳಿಸುವ ಓರ್ವ ವಕೀಲ ಮತ್ತು ಓರ್ವ ಲೆಕ್ಕಪರಿಶೋಧಕನಿಗಾಗಿ ಮೀಸಲಿಡಲಿ. ಹೆಣ್ಣು ಹೆತ್ತವರು ವರನ ಫ್ಲ್ಯಾಟಿನ ಸುದ್ದಿ ಕೇಳಿದಾಗ ‘ಮಾಷಾ ಅಲ್ಲಾಹ್’ ಎನ್ನಲಿ. ಆದರೆ ಅದಕ್ಕಿಂತ ಮೊದಲು, ‘ಮಗನೇ, ಅದರಲ್ಲಿ ಇನ್ನೂ ಕಟ್ಟಲು ಬಾಕಿ ಎಷ್ಟಿದೆ?’ ಎಂದೂ ಕೇಳಲಿ.