ಹೊಟ್ಟೆಗೆ ಹಾಕಿಕೊಂಡದ್ದು

"ಡಿಪ್ರೆಶನ್ನು ಗಿಪ್ರೆಶನ್ನು ಏನೂ ಇಲ್ಲ ಕಣ್ರೀ, ಎಲ್ಲಾ ಹೊಟ್ಟೇದು. ಕರುಳು ಸ್ವಚ್ಛವಾಗಿಟ್ಟುಕೊಂಡರೆ ತಲೆ ತಾನಾಗೇ ಸರಿಹೋಗುತ್ತೆ." ಮೊನ್ನೆ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಕೇಳಿದ ಮಾತಿದು. ಹೇಳಿದವರು ಓದಿಕೊಂಡವರು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರ ಪಕ್ಕದಲ್ಲಿ ಕೂತಿದ್ದ ಹುಡುಗ ಆರು ತಿಂಗಳಿಂದ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿರುವುದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅವನು ಎಲೆಯ ಮೇಲಿನ ಕೋಸಂಬರಿಯನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಾ ಹೂಂಗುಟ್ಟಿದ. ಆ ಹೂಂ ಇನ್ನೂ ನನ್ನ ಕಿವಿಯಲ್ಲಿದೆ.

ಹೊಟ್ಟೆಗೂ ಮನಸ್ಸಿಗೂ ನಂಟಿದೆಯೇ ಎಂದರೆ, ಇದೆ. ಕನ್ನಡಕ್ಕೆ ಇದು ಹೊಸ ಸುದ್ದಿಯೇನಲ್ಲ. ನಮಗೆ ಅಸೂಯೆ ಎಂದರೆ ಹೊಟ್ಟೆಕಿಚ್ಚು, ಮಕ್ಕಳು ಕರುಳ ಕುಡಿಗಳು, ತಪ್ಪನ್ನು ಮನ್ನಿಸಿ ಎನ್ನಲು 'ಹೊಟ್ಟೆಗೆ ಹಾಕಿಕೊಳ್ಳಿ' ಎನ್ನುತ್ತೇವೆ. ವಿಜ್ಞಾನವೂ ಈಚೆಗೆ ಇದೇ ದಾರಿಯಲ್ಲಿ ಬಹಳ ದೂರ ನಡೆದಿದೆ. ಕರುಳಿನ ಗೋಡೆಯಲ್ಲಿ ಹತ್ತಾರು ಕೋಟಿ ನರಕೋಶಗಳಿವೆ. ಹೊಟ್ಟೆಯನ್ನೂ ಮಿದುಳನ್ನೂ ಜೋಡಿಸುವ ವೇಗಸ್ ನರದ ತಂತುಗಳಲ್ಲಿ ಹೆಚ್ಚಿನವು ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. 2004ರಲ್ಲಿ ಜಪಾನಿನ ವಿಜ್ಞಾನಿಗಳು, ಹೊಟ್ಟೆಯಲ್ಲಿ ಒಂದೂ ಸೂಕ್ಷ್ಮಜೀವಿ ಇಲ್ಲದಂತೆ ಬೆಳೆಸಿದ ಇಲಿಗಳು ಒತ್ತಡಕ್ಕೆ ಸಿಕ್ಕಾಗ ಮಾಮೂಲಿ ಇಲಿಗಳಿಗಿಂತ ಹೆಚ್ಚು ತತ್ತರಿಸುತ್ತವೆ ಎಂದು ತೋರಿಸಿದರು. ಇದೆಲ್ಲ ಗಟ್ಟಿ ಕೆಲಸ. ನನ್ನ ತಕರಾರಿರುವುದು 'ನಂಟಿದೆ' ಎಂಬಲ್ಲಿಂದ 'ಎಲ್ಲಾ ಹೊಟ್ಟೇದು' ಎಂಬಲ್ಲಿಗೆ ಹಾರುವ ಹಾರಿಕೆಯ ಬಗ್ಗೆ.

ಮನಸ್ಥಿತಿಯೊಂದಿಗೆ ತಳಕು ಹಾಕುವ ಸೆರೊಟೋನಿನ್ ಎಂಬ ರಾಸಾಯನಿಕದ ಮಾತನ್ನೇ ತೆಗೆದುಕೊಳ್ಳಿ. ದೇಹದ ಸೆರೊಟೋನಿನ್‌ನಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ಕರುಳಿನಲ್ಲಿ ತಯಾರಾಗುತ್ತದೆ, ಆದ್ದರಿಂದ ಸಂತೋಷ ಹುಟ್ಟುವುದೇ ಅಲ್ಲಿ ಎಂದು ಈಗ ಎಲ್ಲರೂ ಹೇಳುತ್ತಾರೆ. ಮೊದಲರ್ಧ ನಿಜ. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟಲಾರದು, ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಇನ್ನು ಬ್ಯಾಕ್ಟೀರಿಯಾದ ಮಾತು. 2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ಒಂದು ತಳಿಯ ಲ್ಯಾಕ್ಟೊಬ್ಯಾಸಿಲಸ್ ತಿನ್ನಿಸಿದಾಗ ಇಲಿಗಳ ಅಂಜಿಕೆ ತಗ್ಗಿತು. ವೇಗಸ್ ನರ ಕತ್ತರಿಸಿದ ಇಲಿಗಳಲ್ಲಿ ತಗ್ಗಲಿಲ್ಲ. ಜಗತ್ತೇ ಬೆರಗಾಯಿತು. ಅದೇ ತಳಿಯನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದಾಗ ಸುಳ್ಳುಮಾತ್ರೆಗಿಂತ ಹೆಚ್ಚಿನದೇನೂ ಆಗಲಿಲ್ಲ ಎಂದು 2017ರಲ್ಲಿ ಅವರೇ ಪ್ರಕಟಿಸಿದರು. ಆ ಪ್ರಾಮಾಣಿಕತೆಗೆ ನಾನು ಕೈಮುಗಿಯುತ್ತೇನೆ. ಮನಸ್ಸು ಹಗುರಾಗಿಸುವ ಪುಡಿ ಎಂದು ಡಬ್ಬಿಯಲ್ಲಿ ತುಂಬಿ ಮಾರುವವರ ಬಗ್ಗೆ ಹೇಳಲು ನನ್ನಲ್ಲಿ ಮಾತಿಲ್ಲ.

ಇಂಥ ಅತಿವಿಶ್ವಾಸಕ್ಕೆ ಜನ ಹಿಂದೊಮ್ಮೆ ಪ್ರಾಣ ತೆತ್ತಿದ್ದಾರೆ. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆಗೆ 1907ರಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯ ಮುಖ್ಯಸ್ಥನಾದ. ಹುಚ್ಚೆಂಬುದು ದೇಹದಲ್ಲಿ ಎಲ್ಲೋ ಅಡಗಿರುವ ಸೋಂಕಿನ ವಿಷ ಮಿದುಳಿಗೇರಿದ್ದರ ಫಲ ಎಂದು ಅವನು ನಂಬಿದ್ದ. ಮೊದಲು ರೋಗಿಗಳ ಹಲ್ಲು ಕೀಳಿಸಿದ. ವಾಸಿಯಾಗದಿದ್ದರೆ ಟಾನ್ಸಿಲ್. ಆಗಲೂ ಆಗದಿದ್ದರೆ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಸಿದ. ಬೇಡವೆಂದು ಕಿರುಚಿದವರನ್ನೂ ಬಿಡಲಿಲ್ಲ. ತನ್ನ ಸ್ವಂತ ಮಕ್ಕಳ ಹಲ್ಲನ್ನೂ ಕೀಳಿಸಿದ, ಅಷ್ಟು ನಂಬಿಕೆ ಅವನಿಗೆ! ನೂರಕ್ಕೆ 85 ಮಂದಿ ಗುಣವಾಗುತ್ತಿದ್ದಾರೆ ಎಂದು ಸಾರಿದ, ಪತ್ರಿಕೆಗಳು ಕೊಂಡಾಡಿದವು. ಕರುಳು ತೆಗೆಸಿಕೊಂಡವರಲ್ಲಿ ಮೂರರಲ್ಲೊಬ್ಬರಂತೆ ಸಾಯುತ್ತಿದ್ದುದನ್ನು ಅವನೇ ಒಪ್ಪಿಕೊಂಡಿದ್ದ. 1924ರಲ್ಲಿ ಫಿಲಿಸ್ ಗ್ರೀನೇಕರ್ ಎಂಬ ವೈದ್ಯೆ ಅಲ್ಲಿಗೆ ಹೋಗಿ, ಒಬ್ಬೊಬ್ಬ ರೋಗಿಯ ಕಡತ ಹಿಡಿದು ತಪಾಸಣೆ ಮಾಡಿದಳು. ಹಲ್ಲಿಲ್ಲದ ಬಾಯಿಗಳ ಆ ವಾರ್ಡುಗಳಲ್ಲಿ ಅವಳಿಗೆ ಆ ಗುಣವಾದವರು ಸಿಗಲಿಲ್ಲ. ಅವಳ ವರದಿಯನ್ನು ಹಿರಿಯರು ಮುಚ್ಚಿಟ್ಟರು, ಶಸ್ತ್ರಕ್ರಿಯೆಗಳು ಮುಂದುವರಿದವು. ಇಂದು ಯಾರೂ ಕರುಳು ಕತ್ತರಿಸುತ್ತಿಲ್ಲ, ನಿಜ. ಆದರೆ 'ಹೊಟ್ಟೆ ತೊಳೆದರೆ ತಲೆ ತಿಳಿಯಾಗುತ್ತದೆ' ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ವಾರ್ಡುಗಳು ನೆನಪಾಗುತ್ತವೆ.

ಎದುರು ವಾದದಲ್ಲಿ ನಾನು ತಲೆಬಾಗುವ ಮಾತುಗಳೂ ಇವೆ. ವರ್ಷಗಟ್ಟಲೆ ಹೊಟ್ಟೆ ಕಿವುಚಿಕೊಂಡು ನರಳಿದವರಿಗೆ, ಮುಖ್ಯವಾಗಿ ಹೆಂಗಸರಿಗೆ, 'ನಿಮಗೇನೂ ಇಲ್ಲ, ಎಲ್ಲಾ ಮನಸ್ಸಿನದು' ಎಂದು ವೈದ್ಯರು ಚೀಟಿ ಹರಿದು ಕೊಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲಿ 12 ವರ್ಷ ಜನರ ಬೆನ್ನುಹತ್ತಿ ನೋಡಿದ ಅಧ್ಯಯನವೊಂದರಲ್ಲಿ ಆತಂಕ ಇದ್ದವರಿಗೆ ಮುಂದೆ ಹೊಟ್ಟೆಯ ತೊಂದರೆ ಬಂತು, ಬರಿಯ ಹೊಟ್ಟೆಯ ತೊಂದರೆ ಇದ್ದವರಿಗೆ ಮುಂದೆ ಆತಂಕ ಬಂತು. ದಾರಿ ಎರಡೂ ಕಡೆಗಿದೆ. ಅದೇ ದೇಶದಲ್ಲಿ ಖಿನ್ನತೆಯ 67 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 12 ವಾರ ಕಾಳು, ತರಕಾರಿ, ಮೀನು, ಇಡಿಧಾನ್ಯದ ಊಟಕ್ಕೆ ತಿರುಗಿದವರಲ್ಲಿ ಸುಮಾರು ಮೂರನೇ ಒಂದು ಪಾಲು ಚೇತರಿಸಿಕೊಂಡರು. ಬರಿಯ ಒಡನಾಟ ಸಿಕ್ಕವರಲ್ಲಿ ಚೇತರಿಸಿಕೊಂಡವರು ನೂರಕ್ಕೆ ಎಂಟು. ಸಣ್ಣ ಪ್ರಯೋಗ, ಆದರೂ ಅಲಕ್ಷಿಸುವಂಥದ್ದಲ್ಲ. ಒಂದನ್ನು ಮಾತ್ರ ಮರೆಯಬಾರದು: ಅವರಲ್ಲಿ ಹೆಚ್ಚಿನವರು ತಮ್ಮ ಚಿಕಿತ್ಸೆಯನ್ನು ನಿಲ್ಲಿಸಿರಲಿಲ್ಲ. ಊಟ ಅದರ ಜೊತೆಗೆ ಬಂದದ್ದು.

ನಮ್ಮಲ್ಲಿ ಆ 'ಜೊತೆಗೆ' ಎಂಬುದೇ ಬಿದ್ದುಹೋಗುತ್ತದೆ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮನಸ್ಸಿನ ಕಾಯಿಲೆಯವರಲ್ಲಿ ಕಾಯಿಲೆಯ ಬಗೆ ನೋಡಿಕೊಂಡು ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಅವರೆಲ್ಲ ಎಲ್ಲಿದ್ದಾರೆ? ಅನೇಕರು ಮೆಡಿಕಲ್ ಶಾಪಿನ ಮುಂದೆ ನಿಂತು 'ಗ್ಯಾಸ್ಟ್ರಿಕ್‌ಗೆ ಏನಾದರೂ ಕೊಡಿ' ಎನ್ನುತ್ತಿದ್ದಾರೆ. ಗ್ಯಾಸ್ಟ್ರಿಕ್ ನಮ್ಮ ಮರ್ಯಾದಸ್ಥ ಕಾಯಿಲೆ. ಎದೆ ಹಿಂಡಿದರೂ ಗ್ಯಾಸ್ಟ್ರಿಕ್, ನಿದ್ದೆ ಬಾರದಿದ್ದರೂ ಗ್ಯಾಸ್ಟ್ರಿಕ್, ಸುಮ್ಮನೆ ಅಳು ಬಂದರೂ ಗ್ಯಾಸ್ಟ್ರಿಕ್. ಮೊದಲೇ ಅಲ್ಲಿ ಅವಿತವರಿಗೆ 'ಹೌದು, ಅದು ಹೊಟ್ಟೇದೇ' ಎಂದು ವಿಜ್ಞಾನದ ಹೆಸರಿನಲ್ಲಿ ಬಾಗಿಲು ಹಾಕಿಕೊಡುವುದು ಕ್ರೌರ್ಯ.

ಕೈತೊಳೆಯುವಾಗ ಆ ಹುಡುಗ ಹತ್ತಿರ ಬಂದು, "ಹಾಗಾದರೆ ಮಾತ್ರೆ ನಿಲ್ಲಿಸಿ ನೋಡ್ಲಾ?" ಅಂದ. ಡಾಕ್ಟರನ್ನು ಕೇಳದೆ ಒಂದೂ ಬಿಡಬೇಡ ಎಂದು, ಅವನಿಗೆ ನನ್ನ ಚಿಕ್ಕಮ್ಮನ ಕತೆ ಹೇಳಿದೆ.

ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು: ಓಮದ ಕಾಳು, ಅದರೊಳಗೇ ಅರ್ಧ ಹರಿದ ಗ್ಯಾಸ್ಟ್ರಿಕ್ ಮಾತ್ರೆಯ ಪಟ್ಟಿ. ಎರಡು ಸಲ ಎಂಡೋಸ್ಕೊಪಿ ಆಯಿತು, ಏನೂ ಕಾಣಲಿಲ್ಲ. ಕಾಫಿ, ಖಾರ, ಹುಳಿ, ಬೇಳೆ ಒಂದೊಂದಾಗಿ ಬಿಟ್ಟು ಗಂಜಿಗೆ ಬಂದು ನಿಂತಳು. ಮೂರನೆಯ ವೈದ್ಯೆ ಹೊಟ್ಟೆ ಒತ್ತಿ ನೋಡಿ, ಕೈ ತೆಗೆಯದೆ, "ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗುತ್ತೆ ಅಮ್ಮಾ?" ಎಂದು ಕೇಳಿದರು. "ಮೂರು," ಅಂದಳು ಚಿಕ್ಕಮ್ಮ. ಅವರು ಹೋದದ್ದೂ ಮೂರಕ್ಕೇ ಎಂದು ಆಮೇಲೆ ಹೇಳಿದಳು. ಅಂದು ಬರೆದುಕೊಟ್ಟದ್ದು ಖಿನ್ನತೆಯ ಮಾತ್ರೆ. ಅದು ಕರುಳಿನ ಸೆರೊಟೋನಿನ್ ಮೇಲೂ ಕೆಲಸ ಮಾಡುವುದರಿಂದ ಮೊದಲ ವಾರ ವಾಕರಿಕೆ ಬರಬಹುದು, ಹೆದರಬೇಡಿ ಎಂದೂ ಹೇಳಿ ಕಳಿಸಿದರು. ಬಂತು. ತಡೆದುಕೊಂಡಳು.

ಆರನೆಯ ವಾರ ನಾನು ಹೋದಾಗ ಒಲೆಯ ಮೇಲೆ ಸಾರಿಗೆ ಇಂಗಿನ ಒಗ್ಗರಣೆ ಬೀಳುತ್ತಿತ್ತು. ಸೌಟು ಹಿಡಿದೇ ತಿರುಗಿ, "ಕೂತ್ಕೋ, ನಂಗೂ ಹಸಿವಾಗಿದೆ" ಅಂದಳು.