ಗೃಹಸ್ಥರ ಪುಟ: ಮಿಕ್ಕ ಲೇಪವೂ ಬಂಡಿಯ ಹೊರಮೈಯೂ

ಮಿಕ್ಕ ಪದಾರ್ಥವನ್ನು ಚೆಲ್ಲಲು ಗೃಹಸ್ಥನಿಗೆ ಮನಸ್ಸು ಬಾರದು. ಹಳೆಯ ಸೀರೆ ಕೌದಿಯಾಗುವುದೂ, ರಾತ್ರಿ ಮಿಕ್ಕ ಅನ್ನ ಬೆಳಗ್ಗೆ ಚಿತ್ರಾನ್ನವಾಗುವುದೂ ನಮ್ಮ ಮನೆಗಳ ವಾಡಿಕೆ. ಆದರೆ ಮಿತವ್ಯಯವೆಂದು ತಿಳಿದು ಮಾಡಿದ ಕೆಲಸವೇ ಒಮ್ಮೊಮ್ಮೆ ದುಂದಾಗಿ ಪರಿಣಮಿಸುವುದುಂಟು. ಅಂತಹ ನಮ್ಮದೇ ಒಂದು ಅನುಭವವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಎಂಬ ಚಿಕ್ಕ ಟ್ರಕ್ಕು ಅನೇಕ ಮನೆಗಳ ನಿತ್ಯೋಪಯೋಗದ ವಾಹನ. ಅದರ ಹಿಂಭಾಗದ ತೆರೆದ ತೊಟ್ಟಿಗೆ ‘ಬೆಡ್’ ಎಂದು ಹೆಸರು. ಸೌದೆ, ಕಲ್ಲು, ಸಲಿಕೆಗಳು ಉಜ್ಜಿ ತೊಟ್ಟಿಯ ತಗಡು ಗೀಚಿಹೋಗದಂತೆ ಬಳಿಯುವ ದಪ್ಪನಾದ ಒರಟು ಲೇಪವೇ ಬೆಡ್ ಲೈನರ್. ಇದು ಸಾಮಾನ್ಯವಾಗಿ ಪಾಲಿಯೂರಿಥೇನ್ ಜಾತಿಯದು. ಕೆಲವು ಬಗೆಗಳಲ್ಲಿ ರಬ್ಬರಿನ ಹರಳುಗಳೂ ಬೆರೆತಿರುತ್ತವೆ. ಇದನ್ನು ಅಂಗಡಿಗಳಲ್ಲಿ ಯಂತ್ರದಿಂದ ಸಿಂಪಡಿಸುವರು. ಸ್ವಂತ ಕೈಯಿಂದ ಮಾಡಿಕೊಳ್ಳುವವರಿಗೆ ರೋಲರಿನಿಂದ ಬಳಿಯತಕ್ಕ ಡಬ್ಬಿಗಳು ದೊರೆಯುತ್ತವೆ.

ಕೆಲವು ವರ್ಷಗಳ ಹಿಂದೆ ಮಿಷಿಗನ್ ಸಂಸ್ಥಾನದಲ್ಲಿರುವ ನಮ್ಮ ಮಗಳ ಮನೆಯಲ್ಲಿ ಬೇಸಗೆಯನ್ನು ಕಳೆದೆವು. ಅಳಿಯಂದಿರು ತಮ್ಮ ಹಳೆಯ ಟ್ರಕ್ಕಿನ ತೊಟ್ಟಿಗೆ ಈ ಲೇಪವನ್ನು ಬಳಿದಾಗ ಡಬ್ಬಿಯಲ್ಲಿ ಕಾಲು ಭಾಗ ಮಿಕ್ಕಿತು. ಬಾಗಿಲುಗಳ ಕೆಳಗೆ ಹೊಸ್ತಿಲಿನಂತಿರುವ ತಗಡಿನಲ್ಲಿ ಅಲ್ಲಲ್ಲಿ ತುಕ್ಕಿನ ಗುಳ್ಳೆಗಳೆದ್ದಿದ್ದುವು. “ಇಲ್ಲಿಗೂ ಒಂದು ಕೈ ಎಳೆದುಬಿಡಿ, ಚೆಲ್ಲುವುದೇಕೆ?” ಎಂದು ಸಲಹೆ ಕೊಟ್ಟವರು ನಾವೇ. ಅಳಿಯಂದಿರು ಹಿರಿಯರ ಮಾತನ್ನು ಮೀರಲಿಲ್ಲ. ಸಂಜೆಯ ವೇಳೆಗೆ ಬಂಡಿ ಹೊಸದರಂತೆ ಕಂಡಿತು; ನಮಗೂ ಸ್ವಲ್ಪ ಹೆಮ್ಮೆಯಾಯಿತು.

ಎರಡು ಚಳಿಗಾಲಗಳು ಕಳೆದುವು. ದುರಸ್ತಿಯವನು ಬಂಡಿಯನ್ನು ಮೇಲಕ್ಕೆತ್ತಿ ಆ ಹೊಸ್ತಿಲನ್ನು ತಿರುಪುಳಿಯಿಂದ ಒತ್ತಿದನಂತೆ. ಅದು ಹಪ್ಪಳವನ್ನು ಚುಚ್ಚಿದಂತೆ ಒಳಕ್ಕಿಳಿಯಿತು. ಲೇಪವು ಗಟ್ಟಿಯಾಗಿಯೇ ಇತ್ತು. ಅದರ ಹಿಂದೆ ತಗಡೇ ಇರಲಿಲ್ಲ! ಪಕ್ಕದಿಂದ ಬೇರೊಂದು ವಾಹನ ಬಂದು ಬಡಿದರೆ ಒಳಗೆ ಕುಳಿತವರನ್ನು ಕಾಯುವ ಅಂಗಗಳಲ್ಲಿ ಆ ಹೊಸ್ತಿಲೂ ಒಂದು. ನಮ್ಮ ಮೊಮ್ಮಗಳು ಆ ಎರಡು ವರ್ಷವೂ ಅದೇ ಬಂಡಿಯಲ್ಲಿ ಶಾಲೆಗೆ ಹೋಗಿಬರುತ್ತಿದ್ದಳು. ಮಗಳು ನಮ್ಮನ್ನು ಏನೂ ಅನ್ನಲಿಲ್ಲ. ಆದರೂ ಆ ಸುದ್ದಿ ಕೇಳಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಮೇಲೆ ತಳಕು, ಒಳಗೆ ಹುಳುಕು ಎಂಬ ಗಾದೆಯನ್ನು ನಾವೇ ನಿಜಮಾಡಿದ್ದೆವು.

ಹೀಗಾದುದಕ್ಕೆ ಕಾರಣವೇನೆಂಬುದನ್ನು ಆಮೇಲೆ ವಿಚಾರಿಸಿದೆವು. ಆ ಸೀಮೆಯಲ್ಲಿ ಹಿಮ ಕರಗಿಸಲು ರಸ್ತೆಗಳಿಗೆ ಕಲ್ಲುಪ್ಪನ್ನು ಎರಚುತ್ತಾರೆ. ಡೆಟ್ರಾಯಿಟ್ ನಗರದ ಅಡಿಯಲ್ಲಿಯೇ ಉಪ್ಪಿನ ಗಣಿಯುಂಟು. ಉಪ್ಪುನೀರು ತಾಕಿದ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಇದ್ದ ತುಕ್ಕನ್ನು ಕೀಳದೆ ಮೇಲೆ ಬಳಿದರೆ ಲೇಪವು ತಗಡನ್ನು ಹಿಡಿಯದೆ ತುಕ್ಕನ್ನು ಹಿಡಿಯುತ್ತದೆ. ತುಕ್ಕು ಸಡಿಲವಾದಾಗ ನಡುವೆ ಸಂದು ಬಿದ್ದು ನೀರು ನಿಲ್ಲುತ್ತದೆ. ಇನ್ನೊಂದು ತಪ್ಪೂ ನಡೆದಿತ್ತು. ಬಾಗಿಲಿನ ಮತ್ತು ಹೊಸ್ತಿಲಿನ ತಳದಲ್ಲಿ ಒಳಗಿನ ನೀರು ಸೋರಿಹೋಗಲೆಂದು ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಲೇಪವು ಅವನ್ನು ಮುಚ್ಚಿಬಿಟ್ಟಿತ್ತು. ತಗಡು ಒಳಗಿನಿಂದಲೂ ಸವೆಯುತ್ತ ಬಂದಿತು.

ಹಾಗಾದರೆ ಮಿಕ್ಕ ಲೇಪವನ್ನು ಹೊರಮೈಗೆ ಬಳಸಲೇಬಾರದೆ? ಬಳಸಬಹುದು, ಕ್ರಮವರಿತು ಬಳಸಬೇಕು. ಚಕ್ರದಿಂದ ಕಲ್ಲು ಸಿಡಿಯುವ ಕೆಳಭಾಗಗಳಿಗೆ, ಎಂದರೆ ಹೊಸ್ತಿಲು, ಚಕ್ರದ ಕಮಾನಿನ ಅಂಚು, ಬಂಪರುಗಳಿಗೆ, ಇದು ಒಳ್ಳೆಯ ಕವಚ. ಬಾಗಿಲು, ಮೂತಿಯ ಮುಚ್ಚಳ ಮುಂತಾದ ದೊಡ್ಡ ತಗಡುಗಳಿಗೆ ಬೇಡವೆಂಬುದು ನಮ್ಮ ಮತ. ಒಮ್ಮೆ ಹಿಡಿದ ಲೇಪವನ್ನು ಕೀಳುವುದು ಬಹು ಪ್ರಯಾಸ. ತಗ್ಗು ಬಿದ್ದರೆ ರಿಪೇರಿ ಕಷ್ಟ. ಅಗ್ಗದ ಕರಿಯ ಲೇಪಗಳು ಅನೇಕವು ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗುತ್ತವೆ. ಬಿಸಿಲನ್ನು ತಾಳುವ ಬಗೆಯೇ ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ನೋಡಿಕೊಳ್ಳತಕ್ಕದ್ದು.

ಮೊದಲು ಮಿಕ್ಕದ್ದು ಕೆಲಸಕ್ಕೆ ಬರುವುದೇ ಎಂದು ನೋಡಬೇಕು. ಒಂದೇ ಡಬ್ಬಿಯಲ್ಲಿ ಬರುವ ಲೇಪಗಳಲ್ಲಿ ಹಲವು ಗಾಳಿಯ ತೇವದಿಂದಲೇ ಗಟ್ಟಿಯಾಗತಕ್ಕವು. ತೆರೆದ ಡಬ್ಬಿ ಬಹುಕಾಲ ಉಳಿಯದು. ತೇವ ಸೇರಿದ ಡಬ್ಬಿಯಲ್ಲಿ ಅನಿಲ ಹುಟ್ಟುವುದರಿಂದ ಅದು ಉಬ್ಬಲೂಬಹುದು. ಎರಡು ಭಾಗಗಳನ್ನು ಬೆರೆಸುವ ಬಗೆಯಲ್ಲಿ ಬೆರೆಸಿದ್ದು ಬೇಗನೆ ಗಟ್ಟಿಯಾಗುತ್ತದೆ. ಬೆರೆಸದೆ ಮುಚ್ಚಿಟ್ಟದ್ದು ಮಾತ್ರ ಉಳಿಯುತ್ತದೆ. ಬಳಿಕ ಲೆಕ್ಕ. ಹೊಸ್ತಿಲು 6 ಅಡಿ ಉದ್ದ, 10 ಅಂಗುಲ ಎತ್ತರವಿದ್ದರೆ ಒಂದು ಪಕ್ಕಕ್ಕೆ 5 ಚದರ ಅಡಿ. ಎರಡು ಪಕ್ಕ, ಎರಡು ಬಳಿತಕ್ಕೆ 20 ಚದರ ಅಡಿಗೆ ಸಾಲುವಷ್ಟು ಬೇಕು. ಒಂದು ಪಕ್ಕ ಮುಗಿದು ಇನ್ನೊಂದಕ್ಕೆ ಸಾಲದೆ ಹೋದರೆ ಬಂಡಿ ಅರ್ಧ ಕ್ಷೌರವಾದಂತೆ ಕಾಣುವುದು.

ಬಳಿಯುವ ಕ್ರಮವಿದು: ಸೋಪುನೀರಿನಿಂದ ತೊಳೆದು ಒಣಗಿಸಿ, ಮೇಣವನ್ನೂ ಜಿಡ್ಡನ್ನೂ ತೆಗೆಯಿರಿ. ತುಕ್ಕನ್ನು ಉಕ್ಕು ಬೆಳ್ಳಗೆ ಕಾಣುವ ತನಕ ಕೆರೆದು, ಅಲ್ಲಿಗೆ ಎಪಾಕ್ಸಿ ಪ್ರೈಮರ್ ಹಚ್ಚಿ. ತೂತು ಬಿದ್ದಿದ್ದರೆ ಲೇಪದ ಮಾತನ್ನು ಬಿಟ್ಟು ಬೆಸುಗೆಯವನ ಬಳಿಗೆ ಹೋಗಿ. ಹೊಳೆಯುವ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ ಮಂಕಾಗಿಸಿ. ಅಂಚಿಗೆ ಟೇಪು ಅಂಟಿಸಿ, ನೀರು ಸೋರುವ ರಂಧ್ರಗಳನ್ನು ಲೇಪ ತಾಕದಂತೆ ಕಾಪಾಡಿ. ಎರಡು ತೆಳು ಬಳಿತಗಳನ್ನು ಕೊಟ್ಟು, ಲೇಪ ಗಟ್ಟಿಯಾಗುವ ಮೊದಲೇ ಟೇಪನ್ನು ಎಳೆಯಿರಿ.

ಉಸಿರಿನ ವಿಷಯವಾಗಿ ಒಂದು ಎಚ್ಚರಿಕೆ. ಈ ಲೇಪಗಳಲ್ಲಿ ಐಸೊಸೈನೇಟ್ ವರ್ಗದ ರಾಸಾಯನಿಕಗಳಿರುತ್ತವೆ. 1984ರಲ್ಲಿ ಭೋಪಾಲದಲ್ಲಿ ಸಾವಿರಾರು ಜನರನ್ನು ಕೊಂದ ಅನಿಲವೂ ಈ ವರ್ಗದ್ದೇ. ಲೇಪದಲ್ಲಿರುವುದು ಆ ವಸ್ತುವಲ್ಲ, ಅಷ್ಟು ಬೇಗ ಆವಿಯಾಗುವುದೂ ಅಲ್ಲ. ಆದರೂ ಆಸ್ತಮಾ ಬರಿಸಬಲ್ಲುದು. ಬಟ್ಟೆಯ ಮುಖವಾಡ ಸಾಲದು. ಬಯಲಿನಲ್ಲಿ, ಕೈಚೀಲ ತೊಟ್ಟು, ರಾಸಾಯನಿಕ ಆವಿಗೆಂದೇ ಮಾಡಿದ ಮುಖವಾಡ ಧರಿಸಿ ರೋಲರಿನಿಂದ ಬಳಿಯಿರಿ. ಸಿಂಪಡಿಸುವ ಕೆಲಸವನ್ನು ಸಲಕರಣೆಯುಳ್ಳವರಿಗೆ ಬಿಡಿ. ಮಕ್ಕಳು ಹತ್ತಿರ ಸುಳಿಯಬಾರದು.

ಅಳಿಯಂದಿರು ಹೊಸ್ತಿಲನ್ನು ಕೊಯ್ಯಿಸಿ ಹೊಸ ತಗಡು ಬೆಸೆಯಿಸಿದರು. ಅದಕ್ಕಾದ ವೆಚ್ಚದಲ್ಲಿ ಅಂತಹ ಲೇಪದ ಹಲವು ಡಬ್ಬಿಗಳನ್ನು ಕೊಳ್ಳಬಹುದಾಗಿತ್ತು. ಹೊಸ ತಗಡಿಗೆ ಕ್ರಮವಾಗಿ ಲೇಪ ಕೊಟ್ಟರು. ಈ ಸಲ ನಾವು ಸಲಹೆ ಕೊಡಲಿಲ್ಲ, ದೀಪ ಹಿಡಿದು ರಂಧ್ರಗಳನ್ನು ಎಣಿಸಿದೆವು. ಮಿಕ್ಕದ್ದನ್ನು ಉಳಿಸುವುದು ಒಳ್ಳೆಯ ಗುಣ. ಆದರೆ ಮಿಕ್ಕಿದೆಯೆಂಬ ಒಂದೇ ಕಾರಣಕ್ಕಾಗಿ ಬಳಸುವುದು ಮಿತವ್ಯಯವಲ್ಲ.